ಪೋಡು ಸಾಕಿದ ಕೂಸುಗಳು

ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಪೋಡುಗಳಲ್ಲಿ ಒಂದು ಕೂಸು ಯಾರ ಮನೆಯದು ಎಂದು ಹೊರಗಿನಿಂದ ಹೋದವರಿಗೆ ಬೇಗ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಒಂದು ಗುಡಿಸಲಿನ ಮುಂದೆ ರಾಗಿ ಗಂಜಿ ಕುಡಿಯುತ್ತಿದ್ದ ಹುಡುಗ ಮಧ್ಯಾಹ್ನ ಇನ್ನೊಂದು ಮನೆಯ ಒಲೆಯ ಹತ್ತಿರ ಕೂತು ಸುಟ್ಟ ಗೆಣಸಿನ ಸಿಪ್ಪೆ ಸುಲಿಯುತ್ತಿದ್ದ. ರಾತ್ರಿ ನೋಡಿದರೆ ಮೂರನೆಯ ಮನೆಯ ಅಜ್ಜಿಯ ಮಗ್ಗುಲಲ್ಲಿ ಗೊರಕೆ. ಪೋಲಿಯೊ ಹನಿ ಹಾಕಲು ಪಟ್ಟಿ ಹಿಡಿದು ಬಂದ ನರ್ಸಮ್ಮ, ‘ಇವನ ತಾಯಿ ಎಲ್ಲವ್ವ?’ ಎಂದರೆ ನಾಲ್ಕು ಹೆಂಗಸರು ಒಟ್ಟಿಗೆ, ‘ಯಾರಾದ್ರೇನು, ಹಾಕು ತಾಯಿ’ ಅನ್ನುತ್ತಿದ್ದರು. ನರ್ಸಮ್ಮನ ಪಟ್ಟಿಯಲ್ಲಿ ‘ತಾಯಿಯ ಹೆಸರು’ ಎಂಬ ಜಾಗ ಖಾಲಿ ಉಳಿದು, ಅವಳು ಕೆಳಗಿಳಿದ ಮೇಲೆ ಆರೋಗ್ಯ ಕೇಂದ್ರದಲ್ಲಿ ಅದಕ್ಕೊಂದು ಪಂಚಾಯ್ತಿ ನಡೆಯುತ್ತಿತ್ತು.

ನಾನು ಯಳಂದೂರಿನವಳು. ಬೆಟ್ಟದ ತಪ್ಪಲಿನ ಗಿರಿಜನ ಆಶ್ರಮ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಸೋಲಿಗರ ಮಕ್ಕಳನ್ನು ಸರ್ಕಾರ ಓದಿಸಿದ್ದರ ಲೆಕ್ಕ ಕಡತಗಳಲ್ಲಿದೆ: ಎಷ್ಟು ಮಕ್ಕಳು, ಎಷ್ಟು ಸಮವಸ್ತ್ರ, ಎಷ್ಟು ಕಂಬಳಿ, ಎಷ್ಟು ಮೊಟ್ಟೆ. ಅದೇ ಮಕ್ಕಳನ್ನು ಪೋಡು ಸಾಕುತ್ತಿದ್ದ ಬಗೆಗೆ ಕಡತವಿಲ್ಲ. ಅದು ನನ್ನ ಕಣ್ಣೆದುರೇ ಸವೆಯುತ್ತ ಬಂತು. ಈಗ ಮುದುಕರು ಗಟ್ಟಿಯಾಗಿರುವ ಕೆಲವೇ ಮನೆಗಳಲ್ಲಿ ಅದರ ಚೂರುಪಾರು ಉಳಿದಿದೆ.

ಹತ್ತಿಪ್ಪತ್ತು ಗುಡಿಸಲುಗಳ ಹಟ್ಟಿಯನ್ನು ಸೋಲಿಗರು ಪೋಡು ಅನ್ನುತ್ತಾರೆ. ಯರಕನಗದ್ದೆ ಪೋಡು, ಹೊಸಪೋಡು, ಬಂಗ್ಲೆಪೋಡು, ಪುರಾಣಿ ಪೋಡು, ಕೆರೆದಿಂಬ, ಗೊಂಬೆಗಲ್ಲು — ಹೀಗೆ ಬೆಟ್ಟದ ಮೇಲೂ ಇಳಿಜಾರಿನಲ್ಲೂ ಚೆದುರಿರುವ ಊರುಗಳು. ಒಂದೊಂದರಲ್ಲೂ ಯಜಮಾನ, ಪೂಜೆಗೊಬ್ಬ ತಮ್ಮಡಿ, ಮಾತು ಮುಟ್ಟಿಸಲು ಕೋಲುಕಾರ. ಮಕ್ಕಳ ವಿಚಾರದಲ್ಲಿ ಇವರು ಯಾರೂ ಸಭೆ ಸೇರಿ ತೀರ್ಮಾನ ಮಾಡುತ್ತಿರಲಿಲ್ಲ. ತೀರ್ಮಾನ ಮಾಡುವಂಥದ್ದು ಏನೂ ಇದ್ದಂತೆ ಕಾಣುತ್ತಿರಲಿಲ್ಲ, ಅಷ್ಟು ಸಲೀಸಾಗಿ ಅದು ನಡೆಯುತ್ತಿತ್ತು. ತಾಯಿ ಜೇನಿಗೋ ನೆಲ್ಲಿಗೋ ಕಾಡಿಗೆ ಹೋದರೆ ಕೂಸು ಅತ್ತೆಯ ಸೊಂಟಕ್ಕೆ, ಅತ್ತೆಗೆ ಜ್ವರ ಬಂದರೆ ಎದುರು ಮನೆಯ ಎಂಟು ವರ್ಷದ ಹುಡುಗಿಯ ಸೊಂಟಕ್ಕೆ. ತಂದೆ ತಾಯಿ ಇಬ್ಬರೂ ತೀರಿಕೊಂಡ ಮಕ್ಕಳನ್ನು ನಾನು ಪೋಡಿನಲ್ಲಿ ಕಂಡಿದ್ದೇನೆ. ಅವರು ಅನಾಥರು ಎಂಬುದು ನನಗೆ ತಿಳಿದದ್ದು ಶಾಲೆಯ ಅರ್ಜಿ ತುಂಬುವಾಗ.

ಒಂದು ದಿನ ಹಾಜರಿ ತಪ್ಪಿಸಿದ್ದ ಹುಡುಗಿಯೊಬ್ಬಳನ್ನು ಹುಡುಕಿಕೊಂಡು ಪೋಡಿಗೆ ಹೋಗಿದ್ದೆ. ಅವಳು ಅಜ್ಜಿಯ ಜೊತೆ ಗೆಣಸಿಗೆ ಹೋಗಿದ್ದಾಳೆ ಎಂದರು. ಹುಡುಗನೊಬ್ಬನನ್ನು ಮುಂದೆ ಬಿಟ್ಟುಕೊಂಡು ನಾನೂ ಹೋದೆ. ಹಳ್ಳದ ದಡದಲ್ಲಿ ಅಜ್ಜಿ ಬಂಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಹುಡುಗಿ ಮೊನೆ ಚೂಪಾದ ಕೋಲಿನಿಂದ ನೆಲ ಕೆದಕುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಅಜ್ಜಿ ಮಾತ್ರ ಕದಲಲಿಲ್ಲ. ‘ಕೂತ್ಕೋ ಮೇಡಮ್ಮ, ಈಗ ಬಂತು’ ಎಂದಳು. ಹುಡುಗಿ ಮತ್ತೆ ಕೂತು ಮೊಳಕೈವರೆಗೆ ಗುಂಡಿಗೆ ಕೈ ಇಳಿಸಿದಳು. ಗೆಡ್ಡೆಯನ್ನು ಎಳೆಯಲಿಲ್ಲ. ಸುತ್ತಲ ಮಣ್ಣನ್ನು ಬೆರಳಲ್ಲಿ ಸಡಿಲಿಸಿ, ಅಲ್ಲಾಡಿಸಿ ನೋಡಿ, ಮತ್ತೆ ಸಡಿಲಿಸಿ, ಕೊನೆಗೆ ಮುರಿಯದ ಹಾಗೆ ಮೇಲೆತ್ತಿದಳು. ಅಜ್ಜಿ ಬಾಯಲ್ಲಿ ಎಲೆ ತುಂಬಿಕೊಂಡೇ ಗಲ್ಲ ಅಲ್ಲಾಡಿಸಿ ಏನೋ ಸನ್ನೆ ಮಾಡಿದಳು. ಹುಡುಗಿ ಬಳ್ಳಿ ಹತ್ತಿಕೊಂಡಿದ್ದ ಗೆಡ್ಡೆಯ ತಲೆಯನ್ನು ಕತ್ತರಿಸಿ ಗುಂಡಿಗೆ ವಾಪಸು ಇಟ್ಟು, ಮಣ್ಣು ಮುಚ್ಚಿ, ಹಿಮ್ಮಡಿಯಿಂದ ಎರಡು ಸಲ ತುಳಿದಳು. ಮುಂದಿನ ವರ್ಷ ಅಲ್ಲೇ ಇನ್ನೊಂದು ಗೆಡ್ಡೆ ಇಳಿಯಬೇಕಲ್ಲ.

ದಾರಿಯಲ್ಲಿ ವಾಪಸಾಗುವಾಗ ಅವಳನ್ನು ಕೇಳಿದೆ, ಇದು ನೂರೆ ಗೆಣಸೋ ನಾರೆ ಗೆಣಸೋ ಹೇಗೆ ಗೊತ್ತಾಗುತ್ತದೆ ಎಂದು. ಬಳ್ಳಿ ಮರಕ್ಕೆ ಯಾವ ಕಡೆಯಿಂದ ಸುತ್ತಿಕೊಂಡಿದೆ ನೋಡಬೇಕು ಎಂದಳು. ಎಡಕ್ಕೋ ಬಲಕ್ಕೋ ಎಂದು ನಾನು ಕೇಳಿದಾಗ ತಬ್ಬಿಬ್ಬಾಗಿ ಕೈಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದಳು. ಎಡಗೈ ಬಲಗೈ ಪಾಠದಲ್ಲಿ ಅವಳಿಗೆ ನಾನೇ ಸೊನ್ನೆ ಕೊಟ್ಟಿದ್ದೆ.

ಕಾರ್ತೀಕದಲ್ಲಿ ರಾಗಿ ತೆನೆ ಬಲಿಯುವ ಕಾಲ ಬಂದರೆ ಮನೆಮಂದಿಯೆಲ್ಲ ಹೊಲದ ಅಟ್ಟಣೆಗೆ ಏರುತ್ತಿದ್ದರು. ಕೆಳಗೆ ಬೆಂಕಿ, ಮೇಲೆ ಬಿದಿರಿನ ಹಾಸು, ಹರಕಲು ಕಂಬಳಿ. ಹಂದಿ ಬಂದರೆ ಕೂಗು, ಆನೆ ಬಂದರೆ ತಮಟೆ. ಎರಡೂ ಬರದ ಹೊತ್ತಿನಲ್ಲಿ ಹಾಡು, ಕತೆ. ನಿದ್ದೆ ತಡೆಯಬೇಕಾದ್ದರಿಂದ ಕತೆಗಳು ಉದ್ದವಾಗಿರುತ್ತಿದ್ದವು. ಒಂದು ಮಗು ತನ್ನ ಕುಲ ಯಾವುದು, ಯಾವ ಕುಲದವರು ಅಣ್ಣತಮ್ಮಂದಿರು, ಯಾವ ಕುಲದಿಂದ ಹೆಣ್ಣು ತರಬಹುದು ಎಂಬುದನ್ನು ಕಲಿಯುತ್ತಿದ್ದದ್ದು ಅಲ್ಲಿ. ತಮ್ಮ ಕುಲದ ಎಲ್ಲೆ ಯಾವ ಹಳ್ಳದಿಂದ ಯಾವ ಗುಡ್ಡದವರೆಗೆ, ಅದರೊಳಗೆ ದೇವರು ಎಲ್ಲಿ, ಮಾರಮ್ಮ ಎಲ್ಲಿ, ವೀರು ಎಲ್ಲಿ, ಹಿರಿಯರನ್ನು ಮಣ್ಣು ಮಾಡಿದ ಕಲ್ಲುಗುಡಿ ಎಲ್ಲಿ, ನೀರಿನ ಅಬ್ಬಿ ಎಲ್ಲಿ — ಎಲ್ಲ ಕತ್ತಲಲ್ಲಿ ಕೂತೇ ಬಾಯಿಪಾಠ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರದ ಮಹಿಮೆಯೂ ಅಲ್ಲೇ. ಬಿಳಿಗಿರಿರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಕದ್ದು ಮದುವೆಯಾದ ಕತೆಯಂತೂ ಪ್ರತಿ ರಾತ್ರಿ ಒಮ್ಮೆ ಬರಲೇಬೇಕು. ದೇಶದ ಮಕ್ಕಳೆಲ್ಲ ದೇವರಿಗೆ ಕೈ ಮುಗಿಯಲು ಕಲಿಯುವ ವಯಸ್ಸಿನಲ್ಲಿ ಈ ಮಕ್ಕಳು ದೇವರನ್ನು ಭಾವ ಎಂದು ಕರೆಯುತ್ತಿದ್ದವು, ತಂಗಿಯನ್ನು ಕೊಟ್ಟ ಮನೆಯವರ ಸಲಿಗೆಯಿಂದ ಅವನನ್ನು ಗೇಲಿ ಮಾಡುತ್ತಿದ್ದವು. ದೇವರ ಜೊತೆ ನಂಟಸ್ತನ ಇರುವವರಿಗೆ ಯಾರ ಮುಂದೆಯೂ ತಲೆ ತಗ್ಗಿಸುವ ಅಭ್ಯಾಸ ಇರುವುದಿಲ್ಲ. ಒಂದನೇ ತರಗತಿಗೆ ಬಂದ ಹೊಸತರಲ್ಲಿ ಅವು ನನ್ನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದವು. ಮೂರನೇ ತರಗತಿಯ ಹೊತ್ತಿಗೆ ಕೈ ಕಟ್ಟಿ ನಿಲ್ಲುವುದನ್ನು ಕಲಿಯುತ್ತಿದ್ದವು. ಅದನ್ನು ನಾವು ಶಿಸ್ತು ಎಂದು ವರದಿ ಬರೆಯುತ್ತಿದ್ದೆವು.

ಇನ್ನೊಂದು ಮಾತು. ಮಕ್ಕಳಿಗೆ ಹೊಡೆಯುವುದನ್ನು ಪೋಡಿನಲ್ಲಿ ನಾನು ಕಂಡದ್ದು ತೀರ ಅಪರೂಪ. ಹಟ ಮಾಡುವ ಕೂಸನ್ನು ಅದರ ಪಾಡಿಗೆ ಬಿಟ್ಟು ದೊಡ್ಡವರು ಕೆಲಸ ನೋಡಿಕೊಳ್ಳುತ್ತಿದ್ದರು. ಬೆತ್ತ ಎಂಬ ವಸ್ತುವಿನ ಪರಿಚಯ ಅವಕ್ಕೆ ಆದದ್ದು ಶಾಲೆಯಲ್ಲಿ. ಆ ಬೆತ್ತ ಬೆಳೆದದ್ದು ಅವರದೇ ಕಾಡಿನಲ್ಲಿ ಎಂಬುದು ಬೇರೆ ಮಾತು.

ಹಾಗಂತ ಪೋಡನ್ನು ಸ್ವರ್ಗ ಮಾಡಿ ಹೇಳುವ ಚಪಲ ನನಗಿಲ್ಲ. ಮಳೆಗಾಲದಲ್ಲಿ ರಾಗಿ ಮುಗಿದು ಬರೀ ಅಣ್ಣೆ ಸೊಪ್ಪು ಬೇಯಿಸಿಕೊಂಡು ತಿಂದ ದಿನಗಳಿದ್ದವು. ಕಜ್ಜಿ, ಭೇದಿ, ಮಲೇರಿಯಾ, ಹಾವು ಇದ್ದವು. ಹೆತ್ತ ಮಕ್ಕಳಲ್ಲಿ ಎಷ್ಟು ಉಳಿದವು ಎಂದು ಕೇಳಿದರೆ ಅಜ್ಜಿಯರು ಬೆರಳು ಮಡಿಚುತ್ತ ಹೋಗಿ ನಡುವೆ ನಿಲ್ಲಿಸಿಬಿಡುತ್ತಿದ್ದರು. ಡಾ. ಎಚ್. ಸುದರ್ಶನ್ ಬೆಟ್ಟ ಹತ್ತಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಮೇಲೆ ಈ ಚಿತ್ರ ನಿಧಾನವಾಗಿ ಬದಲಾಯಿತು. ವೈದ್ಯರಾಗಿ ಬಂದವರು ಶಾಲೆಯನ್ನೂ ಕಟ್ಟಿದರು. ಅಲ್ಲಿ ಸೋಲಿಗರ ಹಾಡು, ಕುಣಿತ, ಗಿಡಮೂಲಿಕೆಗೂ ಜಾಗವಿತ್ತು. 1994ರಲ್ಲಿ ಅವರ ಕೆಲಸಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಯಳಂದೂರಿನಲ್ಲಿ ನಾವೆಲ್ಲ ನಮ್ಮ ಮನೆಯವರಿಗೇ ಬಂದ ಹಾಗೆ ಬೀಗಿದ್ದೆವು. ಎಲ್ಲ ಶಾಲೆಗಳೂ ಹಾಗಿದ್ದಿದ್ದರೆ ಈ ಲೇಖನದ ಅರ್ಧ ಬರೆಯುವ ಅಗತ್ಯವಿರುತ್ತಿರಲಿಲ್ಲ.

ಶಾಲೆ ಬಂದು ಪೋಡಿನ ಮಕ್ಕಳನ್ನು ಕಿತ್ತುಕೊಂಡಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ಶಾಲೆಗಿಂತ ಮೊದಲು ಬಂದದ್ದು ಕಾನೂನು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1974ರಲ್ಲಿ ಬಿಳಿಗಿರಿರಂಗನ ಬೆಟ್ಟದ ಅಭಯಾರಣ್ಯ. ಕಾಡೊಳಗೆ ಜಾಗ ಬದಲಿಸುತ್ತ ಬೇಸಾಯ ಮಾಡುತ್ತಿದ್ದವರನ್ನು ರಸ್ತೆ ಬದಿಯ ಕಾಲೊನಿಗಳಿಗೆ ತಂದು ಕೂರಿಸಿದರು. ಬೇಟೆ ಅಪರಾಧವಾಯಿತು, ಅದು ಸರಿಯೇ ಇರಬಹುದು. ಬೇಸಿಗೆಯ ಮೊದಲಲ್ಲಿ ಒಣಗಿದ ತರಗೆಲೆಗೆ ಸಣ್ಣಗೆ ಹಚ್ಚುತ್ತಿದ್ದ ತರಗು ಬೆಂಕಿಯೂ ಅಪರಾಧವಾಯಿತು. ಆ ಬೆಂಕಿ ನಿಂತ ಮೇಲೆ ಲಂಟಾನ ಆಳೆತ್ತರ ಬೆಳೆದು ಕಾಡು ಮುಚ್ಚಿತು, ನೆಲ್ಲಿ ಮರಗಳಿಗೆ ಉಪ್ಪಿಲು ಎಂಬ ಬದನಿಕೆ ಹತ್ತಿ ಕಾಯಿ ಕಡಿಮೆಯಾಯಿತು ಎಂದು ಮುದುಕರು ಹೇಳುತ್ತಲೇ ಬಂದರು. ಬಹಳ ತಡವಾಗಿ ವಿಜ್ಞಾನಿಗಳು ಬಂದು ಅದನ್ನು ಬರೆದುಕೊಂಡರು. 2002ರಲ್ಲಿ ಕಾಯ್ದೆಗೆ ತಿದ್ದುಪಡಿಯಾದ ನಂತರ ಕೆಲವು ವರ್ಷ ಜೇನು, ನೆಲ್ಲಿ, ಪಾಚಿ, ಸೀಗೆ ತಂದು ಗಿರಿಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಹಾಕುವುದಕ್ಕೂ ಕತ್ತರಿ ಬಿತ್ತು.

ದೊಡ್ಡವರ ಹೊಟ್ಟೆಪಾಡಿನ ನಷ್ಟವನ್ನು ಎಲ್ಲರೂ ಬರೆದಿದ್ದಾರೆ. ನನಗೆ ಕಂಡದ್ದು ಇನ್ನೊಂದು. ಜೇನು ಕೊಯ್ಯುವುದು ತಪ್ಪು ಎಂದಾದ ಮೇಲೆ ಅಪ್ಪ ಮಗನಿಗೆ ಅದನ್ನು ಕಲಿಸುವುದು ಹೇಗೆ? ಹೆಜ್ಜೇನಿನ ಹುಟ್ಟಿಯಲ್ಲಿ ಮರಿಹುಳ ಇರುವ ಪಾಲನ್ನು ಬಿಟ್ಟು ತುಪ್ಪದ ಪಾಲನ್ನು ಮಾತ್ರ ಕೊಯ್ಯುವ ನಾಜೂಕು ಮರ ಹತ್ತಿ ಕಲಿಯಬೇಕಾದ್ದು, ಬಾಯಲ್ಲಿ ಹೇಳಿ ಬರುವಂಥದ್ದಲ್ಲ. ಅಪ್ಪ ಕದ್ದು ಹೋಗಿ ಆತುರದಲ್ಲಿ ಕೊಯ್ದು ತರುತ್ತಿದ್ದ. ಮಗನನ್ನು ಕರೆದೊಯ್ದರೆ ಗಾರ್ಡಿನ ಕೈಗೆ ಇಬ್ಬರೂ ಸಿಕ್ಕಿಬೀಳುವ ಭಯ. ಹೀಗೆ ತಲೆಮಾರೊಂದು ಕಾಡನ್ನು ಕದ್ದು ನೋಡುತ್ತ ಬೆಳೆಯಿತು. ತಾತ ಕಲಿಸಬಹುದಾಗಿದ್ದ ಒಂದೊಂದೂ ಯಾವುದೋ ಕಲಮಿನ ಕೆಳಗೆ ಬರುತ್ತಿತ್ತು. ಅದೇ ಸಮಯಕ್ಕೆ ಸರಿಯಾಗಿ ನಮ್ಮ ಜೀಪು ಪೋಡಿನ ಮುಂದೆ ನಿಂತಿತು.

ಜೂನ್ ತಿಂಗಳ ಆ ಜೀಪು ಈಗಲೂ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆರು ವರ್ಷ ತುಂಬಿದವು, ತುಂಬದವು, ಎಲ್ಲವೂ ಹತ್ತುತ್ತಿದ್ದವು. ಜೀಪು ಹತ್ತುವ ಮೋಜು ಒಂದು ಕಡೆ, ಅಮ್ಮ ಹತ್ತುತ್ತಿಲ್ಲ ಎಂಬುದು ಗೊತ್ತಾದಾಗಿನ ರಂಪ ಇನ್ನೊಂದು ಕಡೆ. ತಾಯಂದಿರು ಒಲ್ಲೆ ಅನ್ನುತ್ತಿರಲಿಲ್ಲ. ಮೂರು ಹೊತ್ತು ಊಟ, ಬಟ್ಟೆ, ಪುಸ್ತಕ, ಹಾಸಿಗೆ. ಮನೆಯಲ್ಲಿ ಏನಿತ್ತು? ಕಾಡುಗಳ್ಳ ವೀರಪ್ಪನ್ ಕಾಲದಲ್ಲಂತೂ ಒಂದು ಕಡೆ ಅವನು, ಇನ್ನೊಂದು ಕಡೆ ಅವನನ್ನು ಹಿಡಿಯಲು ಬಂದ ಕಾರ್ಯಪಡೆ, ನಡುವೆ ಸಿಕ್ಕಿಕೊಂಡ ಕಾಡಿನ ಜನ. ಮಕ್ಕಳು ಹಾಸ್ಟೆಲಿನಲ್ಲೇ ಇರಲಿ ಎಂದು ಅವರು ಅಂದುಕೊಂಡಿದ್ದರೆ ಬೇಡ ಅನ್ನಲು ನಾವು ಯಾರು.

ಶಾಲೆಯಲ್ಲಿ ಮೊದಲ ದಿನ ತಲೆ ಬೋಳಿಸುವುದು, ಹೇನಿನ ಔಷಧಿ, ಲೈಫ್‌ಬಾಯ್ ಸೋಪಿನ ಸ್ನಾನ. ಎರಡನೇ ದಿನ ಸಾಲಿನಲ್ಲಿ ಮಲಗುವುದು. ಪೋಡಿನಲ್ಲಿ ಒಬ್ಬರೇ ಮಲಗಿ ಗೊತ್ತಿಲ್ಲದ ಮಕ್ಕಳು ರಾತ್ರಿ ಒಂದೊಂದೇ ಎದ್ದು ಒಂದೇ ಚಾಪೆಗೆ ಬಂದು ಸೇರಿಕೊಂಡಿರುತ್ತಿದ್ದವು. ಬೆಳಿಗ್ಗೆ ಬಾಗಿಲು ತೆಗೆದರೆ ಮೂಲೆಯಲ್ಲೊಂದು ಮಕ್ಕಳ ಗುಡ್ಡೆ. ಮೇಲ್ವಿಚಾರಕರು ಅವರನ್ನು ಎಬ್ಬಿಸಿ ಅವರವರ ಜಾಗಕ್ಕೆ ಕಳಿಸುತ್ತಿದ್ದರು. ಸೋಲಿಗ ನುಡಿಯಲ್ಲಿ ಮಾತಾಡಿದರೆ ಬಯಲಿನಿಂದ ಬಂದ ಹುಡುಗರು ನಗುತ್ತಿದ್ದರು, ಕೆಲವು ಸಲ ಮೇಷ್ಟ್ರುಗಳೂ. ಕನ್ನಡಕ್ಕೆ ಹತ್ತಿರದ ನುಡಿಯಾದ್ದರಿಂದ ಅದನ್ನು ಬೇರೆ ಭಾಷೆ ಎಂದು ಯಾರೂ ಎಣಿಸಲಿಲ್ಲ. ತಪ್ಪು ಕನ್ನಡ ಎಂದೇ ತಿದ್ದಿದರು. ಮಗುವಿಗೆ ಪ್ರಾಥಮಿಕ ಪಾಠ ತಾಯ್ನುಡಿಯಲ್ಲಿ ಸಿಗಲು ರಾಜ್ಯಗಳು ಪ್ರಯತ್ನ ಪಡಬೇಕು ಎಂದು 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿದೆ. ಆ ವಿಧಿ ನಮ್ಮ ಬೆಟ್ಟ ಹತ್ತಿದ್ದನ್ನು ನಾನು ಕಾಣೆ.

ಮತ್ತೆ ಆ ಓಡಿಹೋಗುವ ಪ್ರಕರಣಗಳು. ಜುಲೈ ತಿಂಗಳ ಒಂದು ಬೆಳಿಗ್ಗೆ ಎಣಿಕೆಗೆ ಎರಡು ತಲೆ ಕಡಿಮೆ. ಇಡೀ ಶಾಲೆಗೆ ದಿಗಿಲು. ಆನೆ ಓಡಾಡುವ ದಾರಿ, ಹಿಂದಿನ ರಾತ್ರಿಯೆಲ್ಲ ಮಳೆ. ಜೀಪು ಹೊರಟಿತು, ವಾಚರುಗಳಿಗೆ ಸುದ್ದಿ ಹೋಯಿತು. ಮಧ್ಯಾಹ್ನ ಪೋಡಿಗೆ ಹೋಗಿ ನೋಡಿದರೆ ಇಬ್ಬರೂ ಅಜ್ಜಿಯ ಒಲೆಯ ಮುಂದೆ ಕೂತು ಮೈ ಒಣಗಿಸಿಕೊಳ್ಳುತ್ತಿದ್ದಾರೆ. ಹಿರಿಯವನಿಗೆ ಏಳು ವರ್ಷ. ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ. ‘ಆನೆ ಇತ್ತು, ಅದು ಹೋಗೋಗಂಟ ಕೂತಿದ್ದೊ’ ಎಂದ. ಅಷ್ಟೇ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿ, ಬಂಡೆಯ ಮರೆಯಲ್ಲಿ ಕೂತು, ತಮ್ಮನ ಬಾಯಿ ಮುಚ್ಚಿಕೊಂಡು ಕಾದಿದ್ದಾನೆ. ಆ ವಿದ್ಯೆಯಲ್ಲಿ ಅವನು ಎಂ.ಎ. ಮಾಡಿದವನು. ಹಾಜರಿ ಪುಸ್ತಕದಲ್ಲಿ ‘ಅನುಮತಿಯಿಲ್ಲದೆ ಪರಾರಿ’ ಎಂದು ಬರೆಯಲಾಯಿತು. ಪರಾರಿ ಎಂಬ ಪದ ಯಾರಿಗೆ ಹೊಳೆಯಿತೋ.

ಆ ಅಜ್ಜಿ ನನ್ನನ್ನು ಬೈಯಲಿಲ್ಲ. ಬಿಸಿ ಕಾಫಿ ಕೊಟ್ಟಳು, ಬೆಲ್ಲದ್ದು. ಆಮೇಲೆ ಮೆಲ್ಲಗೆ ಕೇಳಿದಳು: ‘ಅಲ್ಲ ಮೇಡಮ್ಮ, ಓದ್ಸಿ, ಬ್ಯಾಡ ಅನ್ನಾಕಿಲ್ಲ. ನೀವೇ ಇಲ್ಗೆ ಬಂದು ಓದ್ಸುದ್ರೆ ಆಗಾಕಿಲ್ವ? ಕೂಸ್ಗಳು ಯಾಕೆ ಅಲ್ಗೆ ಬರ್ಬೇಕು?’ ಸರ್ಕಾರದ ಪರವಾಗಿ ನನ್ನಲ್ಲಿ ಉತ್ತರವಿತ್ತು: ಪೋಡಿಗೊಂದು ಶಾಲೆ ಆಗದು, ಮಕ್ಕಳ ಸಂಖ್ಯೆ ಸಾಲದು, ಮೇಷ್ಟ್ರು ಸಿಗುವುದಿಲ್ಲ. ಹೇಳಿದೆ. ಅವಳು ‘ಹಂಗಾ’ ಅಂದಳು.

ಈ ಪ್ರಶ್ನೆಯನ್ನು ಪ್ರಪಂಚದ ಬೇರೆ ಬೇರೆ ಕಡೆ ಬೇರೆ ಬೇರೆ ಅಜ್ಜಿಯರು ಕೇಳಿದ್ದಾರೆ, ನಮಗಿಂತ ಎಷ್ಟೋ ಪಟ್ಟು ಘೋರವಾದ ಪರಿಸ್ಥಿತಿಯಲ್ಲಿ. ಕೆನಡಾದಲ್ಲಿ ಸರ್ಕಾರ ಮತ್ತು ಚರ್ಚುಗಳು ಸೇರಿ ನಡೆಸಿದ ವಸತಿ ಶಾಲೆಗಳಿಗೆ ಮೂಲನಿವಾಸಿಗಳ ಸುಮಾರು 1,50,000 ಮಕ್ಕಳನ್ನು ತುಂಬಿದರು. ಸಾವಿರಾರು ಮಕ್ಕಳು ಮನೆಗೆ ಹಿಂದಿರುಗಲೇ ಇಲ್ಲ. ಅದನ್ನು ಸಾಂಸ್ಕೃತಿಕ ನರಮೇಧ ಎಂದು ಅಲ್ಲಿನ ಸತ್ಯಶೋಧನಾ ಆಯೋಗ 2015ರಲ್ಲಿ ಕರೆಯಿತು. ಆಸ್ಟ್ರೇಲಿಯಾದ ಪ್ರಧಾನಿ ಕೆವಿನ್ ರಡ್ ತಮ್ಮಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಮನೆಗಳಿಂದ ಕಿತ್ತುಕೊಂಡದ್ದಕ್ಕಾಗಿ 2008ರ ಫೆಬ್ರವರಿ 13ರಂದು ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ಅಮೆರಿಕದಲ್ಲಿ 1978ರ ಕಾಯ್ದೆಯೊಂದಿದೆ: ಬುಡಕಟ್ಟಿನ ಮಗುವನ್ನು ಮನೆಯಿಂದ ಬೇರೆಡೆ ಇಡಬೇಕಾಗಿ ಬಂದರೆ ಮೊದಲು ನಂಟರು, ಆಮೇಲೆ ಅದೇ ಬುಡಕಟ್ಟಿನವರು, ಅವರಾದ ಮೇಲೆ ಉಳಿದವರು. ಆ ವಿಚಾರಣೆಯಲ್ಲಿ ಬುಡಕಟ್ಟಿಗೂ ಮಾತಿದೆ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿಶ್ವಸಂಸ್ಥೆಯ 2007ರ ಘೋಷಣೆಯ 14ನೇ ವಿಧಿ ಮೂಲನಿವಾಸಿಗಳು ತಮ್ಮ ಶಿಕ್ಷಣ ವ್ಯವಸ್ಥೆಯನ್ನು ತಾವೇ ಕಟ್ಟಿ ತಮ್ಮ ನುಡಿಯಲ್ಲಿ ನಡೆಸುವ ಹಕ್ಕನ್ನು ಹೇಳುತ್ತದೆ. ಭಾರತ ಅದರ ಪರವಾಗಿ ಮತ ಹಾಕಿದೆ.

ನಮ್ಮ ಆಶ್ರಮ ಶಾಲೆಗಳನ್ನು ಆ ಶಾಲೆಗಳ ಪಕ್ಕ ನಿಲ್ಲಿಸುವುದು ಅನ್ಯಾಯ. ಇಲ್ಲಿ ಪೊಲೀಸರು ಬಂದು ಮಕ್ಕಳನ್ನು ಎಳೆದೊಯ್ಯಲಿಲ್ಲ, ಹೆಸರು ಬದಲಿಸಲಿಲ್ಲ, ರಜೆ ಬಂದಾಗ ಮನೆಗೆ ಕಳಿಸಿದೆವು. ಒಳ್ಳೆಯ ಮನಸ್ಸಿನ ಎಷ್ಟೋ ಶಿಕ್ಷಕರನ್ನು ಕಂಡಿದ್ದೇನೆ. ಕಜ್ಜಿಯ ಕೂಸುಗಳಿಗೆ ತಾವೇ ಮುಲಾಮು ಹಚ್ಚಿದ ಅಡುಗೆಯವರನ್ನು ಕಂಡಿದ್ದೇನೆ. ಇಲ್ಲಿನ ಕತೆಯೇ ಬೇರೆ. ಯಾರೂ ಕೆಟ್ಟವರಿರಲಿಲ್ಲ, ಎಲ್ಲರೂ ಮಗುವಿನ ಹಿತವನ್ನೇ ನೋಡಿದರು, ಪೋಡನ್ನು ಮಾತ್ರ ಒಮ್ಮೆಯೂ ಕೇಳಲಿಲ್ಲ. ಊಟದ ಪಟ್ಟಿ ಬೆಂಗಳೂರಿನಿಂದ ಬಂತು, ರಜೆಯ ಪಟ್ಟಿ ಬೆಂಗಳೂರಿನಿಂದ ಬಂತು, ಪುಸ್ತಕದಲ್ಲಿನ ಅಜ್ಜಿ ಕನ್ನಡಕ ಹಾಕಿಕೊಂಡು ಆರಾಮ ಕುರ್ಚಿಯಲ್ಲಿ ಕೂತಿದ್ದಳು.

2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಬೆಟ್ಟದಲ್ಲಿ ಒಂದು ಹೊಸ ಗಾಳಿ ಬೀಸಿದ್ದು ನಿಜ. ಗ್ರಾಮಸಭೆಗಳು ಕೂತವು, ಮುದುಕರು ಗುಡ್ಡ ಹತ್ತಿ ತಮ್ಮ ಎಲ್ಲೆಗಳನ್ನು ತೋರಿಸಿದರು. ಸೋಲಿಗರವರೇ ಆದ ಸಂಶೋಧಕ ಡಾ. ಸಿ. ಮಾದೇಗೌಡ ಮತ್ತು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಮುದುಕರ ಜೊತೆ ನಡೆದು ನಾನೂರಕ್ಕೂ ಹೆಚ್ಚು ಪವಿತ್ರ ತಾಣಗಳನ್ನು ನಕ್ಷೆಯ ಮೇಲೆ ಗುರುತಿಸಿದರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ರಕ್ಷಿತಾರಣ್ಯವಾಯಿತು. ಇನ್ನು ಮುಗಿಯಿತು ಅಂದುಕೊಂಡಿರುವಾಗ ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಬಂತು. ಹುಲಿ ಕಾಡಿನೊಳಗೆ ಹೀಗೆ ಹಕ್ಕು ಪಡೆದವರಲ್ಲಿ ದೇಶಕ್ಕೇ ಸೋಲಿಗರು ಮೊದಲಿಗರು. ಜೇನು, ನೆಲ್ಲಿ, ಮೇವು, ಮೀನು, ದೇವರ ಜಾಗ ಎಲ್ಲ ಪತ್ರದಲ್ಲಿ ಬಂತು. ಪತ್ರ ಹಿಡಿದುಕೊಂಡು ನನ್ನ ಹಳೇ ಶಿಷ್ಯನೊಬ್ಬ ಬಂದು ನನಗೇ ಓದಿ ಹೇಳಿದ. ಒಂದೊಂದು ಅಕ್ಷರವನ್ನೂ ತಡವರಿಸದೆ ಓದಿದ. ಆ ಓದು ಕಲಿಸಿದ್ದು ಆಶ್ರಮ ಶಾಲೆಯೇ, ಅದನ್ನು ಮರೆಯಬಾರದು.

ಓದಿ ಮುಗಿಸಿದವನನ್ನು, ನಿನ್ನ ಮಗನಿಗೆ ಎಲ್ಲೆ ತೋರಿಸಿದ್ದೀಯ ಎಂದು ಕೇಳಿದೆ. ಹುಡುಗ ಹಾಸ್ಟೆಲಿನಲ್ಲಿದ್ದಾನೆ, ಬೇಸಿಗೆ ರಜೆಗೆ ಬಂದಾಗ ತೋರಿಸಬೇಕು ಎಂದ. ಆ ಬೇಸಿಗೆಯಲ್ಲಿ ಅವನೇ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದ.

ಕಾಡಿನ ಮೇಲಿನ ಮಾತು ಅಷ್ಟಿಷ್ಟಾದರೂ ಪೋಡಿಗೆ ವಾಪಸು ಬಂತು. ಮಗುವಿನ ಮೇಲಿನ ಮಾತು ಬರಲಿಲ್ಲ. ಗ್ರಾಮಸಭೆ ಜೇನಿನ ಬೆಲೆಯ ಬಗ್ಗೆ ನಿರ್ಣಯ ಮಾಡಬಹುದು, ಹಾಸ್ಟೆಲಿನಲ್ಲಿ ಮಕ್ಕಳು ಯಾವ ನುಡಿಯಲ್ಲಿ ಮಾತಾಡುತ್ತವೆ ಎಂಬುದರ ಬಗ್ಗೆ ಮಾಡಿದರೆ ಕೇಳುವವರಿಲ್ಲ. ಶಾಲಾಭಿವೃದ್ಧಿ ಸಮಿತಿ ಎಂಬುದೊಂದಿದೆ. ಹಲವು ಪೋಡುಗಳ ಮಕ್ಕಳು ಸೇರಿರುವ ಕಡೆ ಪೋಷಕರು ಬರಬೇಕಾದರೆ ಅರ್ಧ ದಿನ ನಡೆಯಬೇಕು, ಕೂಲಿ ಕಳೆದುಕೊಳ್ಳಬೇಕು. ಸಮಿತಿಯ ಸಭೆ ಎಂದರೆ ರಿಜಿಸ್ಟರು ಪೋಡಿಗೆ ಹೋಗಿ ಹೆಬ್ಬೆಟ್ಟು ಹಾಕಿಸಿಕೊಂಡು ಬರುವುದು. ದೇಶದ ಹತ್ತು ರಾಜ್ಯಗಳಲ್ಲಿ ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಬುಡಕಟ್ಟು ಪ್ರದೇಶಗಳಿವೆ, ಅಲ್ಲಿನ ಗ್ರಾಮಸಭೆಗಳಿಗೆ 1996ರ ಪೆಸಾ ಕಾಯ್ದೆಯ ಬಲವಿದೆ. ಕರ್ನಾಟಕದಲ್ಲಿ ಅಂಥ ಒಂದು ಅಂಗುಲ ಜಾಗವೂ ಇಲ್ಲ. ಸೋಲಿಗರಿಗೂ ಜೇನುಕುರುಬರಿಗೂ ಕೊರಗರಿಗೂ ಈ ಮಾತಿನಲ್ಲಿ ಒಂದೇ ಹಣೆಬರಹ.

ಈಗ ಪೋಡಿಗೆ ಹೋದರೆ ಮನೆಗಳು ಸಿಮೆಂಟಿನವು. ನೀರಿನ ಟ್ಯಾಂಕು ಇದೆ, ಎಲ್ಲ ಕಡೆ ಅಲ್ಲದಿದ್ದರೂ ಕರೆಂಟು ಇದೆ, ಪೌಷ್ಟಿಕ ಆಹಾರದ ಚೀಲ ಬರುತ್ತದೆ. ಹೆರಿಗೆಯಲ್ಲಿ ಸಾಯುವ ಹೆಂಗಸರು ಕಡಿಮೆಯಾಗಿರುವುದು ಎಷ್ಟು ದೊಡ್ಡ ಮಾತು! ಇವುಗಳಲ್ಲಿ ಒಂದನ್ನೂ ಹಿಂದಕ್ಕೆ ಕೊಡಿ ಎಂದು ಹೇಳುವ ಹುಚ್ಚು ನನಗಿಲ್ಲ. ಆದರೆ ರಜೆಗೆ ಬಂದ ಮಕ್ಕಳು ಮನೆಯಲ್ಲಿ ನೆಂಟರ ಹಾಗೆ ಕೂತಿರುತ್ತವೆ. ಅಜ್ಜಿ ಸೋಲಿಗ ನುಡಿಯಲ್ಲಿ ಕೇಳಿದ್ದಕ್ಕೆ ಪುಸ್ತಕದ ಕನ್ನಡದಲ್ಲಿ ಉತ್ತರ. ಸುಟ್ಟ ಗೆಣಸು ಕೊಟ್ಟರೆ ಒಂದು ಚೂರು ತಿಂದು ಕೆಳಗಿಡುತ್ತವೆ, ಅಂಗಡಿಯ ಕುರುಕುರೆ ಸಿಗುತ್ತದೆಯೇ ಎಂದು ಕೇಳುತ್ತವೆ. ಹತ್ತನೇ ತರಗತಿಯಲ್ಲಿ ಫೇಲಾದ ಹುಡುಗನ ಪಾಡು ಇನ್ನೂ ಕಷ್ಟ. ಬಯಲಿನ ಕೆಲಸಕ್ಕೆ ಬೇಕಾದ್ದನ್ನು ಶಾಲೆ ಕಲಿಸಲಿಲ್ಲ, ಕಾಡಿನ ಕೆಲಸಕ್ಕೆ ಬೇಕಾದ್ದನ್ನು ತಾತ ಕಲಿಸಲಾಗಲಿಲ್ಲ. ಅವನು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಫೋನು ಹಿಡಿದು ಕೂತಿರುತ್ತಾನೆ. ನನ್ನನ್ನು ಕಂಡರೆ ಎದ್ದು ನಿಂತು ‘ನಮಸ್ತೆ ಮಿಸ್’ ಅನ್ನುತ್ತಾನೆ.

ಕತೆ ಹೇಳುವವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಗೆಣಸು ಅಗೆಸುತ್ತಿದ್ದ ಆ ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಯಿತು. ಅಂದು ಗೆಡ್ಡೆ ಕಿತ್ತ ಹುಡುಗಿ ಈಗ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಆ ಬಳ್ಳಿಗಳು ಎಡಕ್ಕೆ ಸುತ್ತುವುದೋ ಬಲಕ್ಕೋ ಎಂದು ಮೊನ್ನೆ ಅವಳನ್ನೇ ಕೇಳಿದೆ. ನಕ್ಕು, ಮರೆತೇ ಹೋಗಿದೆ ಮಿಸ್ ಎಂದಳು. ಅಂಗನವಾಡಿಯ ಗೋಡೆಯ ಮೇಲೆ ಸೇಬು, ದ್ರಾಕ್ಷಿ, ಅನಾನಸಿನ ಚಿತ್ರಗಳಿದ್ದವು. ನೆಲ್ಲಿಕಾಯಿ ಇರಲಿಲ್ಲ. ನಾನು ಕೇಳದಿದ್ದರೂ ಅವಳೇ ಹೇಳಿದಳು, ಚಾರ್ಟು ಇಲಾಖೆಯಿಂದ ಬಂದದ್ದು.

ಹಟ ಹಿಡಿದು ಮಾಡಿದ್ದರೆ ಏನಾದರೂ ಆಗುತ್ತಿತ್ತೇ? ಆಗುತ್ತಿತ್ತು ಅನ್ನಿಸುತ್ತದೆ. ಪೋಡಿನಲ್ಲೇ ಒಂದರಿಂದ ಮೂರನೇ ತರಗತಿ, ಪಾಠಕ್ಕೆ ಸೋಲಿಗರವರೇ ಓದಿದ ಹುಡುಗ ಹುಡುಗಿಯರು, ವಾರಕ್ಕೆರಡು ದಿನ ಅಜ್ಜಿಯರ ಕೈಗೆ ಮಕ್ಕಳು. ಓದಿದವರು ಈಗ ಪೋಡಿನಲ್ಲಿ ಇದ್ದಾರೆ, ಮೇಷ್ಟ್ರು ಸಿಗುವುದಿಲ್ಲ ಎಂಬ ಹಳೇ ಉತ್ತರ ಇನ್ನು ನಡೆಯುವುದಿಲ್ಲ. ಆದರೆ ಅಜ್ಜಿಯರೇ ಕಡಿಮೆಯಾಗಿದ್ದಾರೆ. ನಾವು ಅಜ್ಜಿಯರಿದ್ದಾಗ ಮೇಷ್ಟ್ರಿಲ್ಲ ಎಂದೆವು, ಮೇಷ್ಟ್ರು ತಯಾರಾಗುವ ಹೊತ್ತಿಗೆ ಅಜ್ಜಿಯರನ್ನು ಕಳೆದುಕೊಂಡೆವು.

ನಾನು ನಿವೃತ್ತಳಾಗುವ ಮುಂಚೆ ರೊಟ್ಟಿ ಹಬ್ಬಕ್ಕೆ ಮಕ್ಕಳನ್ನು ಮನೆಗೆ ಕಳಿಸಬೇಕೆಂದು ಒಂದು ಪ್ರಯತ್ನ ನಡೆಯಿತು. ರಾಗಿ ಒಕ್ಕಣೆ ಮುಗಿದ ಮೇಲೆ ಬರುವ ಹಬ್ಬ ಅದು. ಹೊಸ ರಾಗಿಯ ರೊಟ್ಟಿ, ಕುಂಬಳಕಾಯಿ ಪಲ್ಯ, ರಾತ್ರಿಯೆಲ್ಲ ಕುಣಿತ. ಸ್ಥಳೀಯ ರಜೆ ಕೊಡಲು ಶಾಲೆಗೆ ಅವಕಾಶವಿತ್ತು. ತಾರೀಕನ್ನು ಮಾತ್ರ ಜೂನ್‌ನಲ್ಲೇ ಬರೆದು ಕಳಿಸಬೇಕು. ಯಜಮಾನರನ್ನು ಕೇಳಲು ಹೋದೆ. ಅವರು ನನ್ನನ್ನೇ ನೋಡಿದರು. ‘ಜೂನ್‌ನಾಗೆ ಇನ್ನೂ ಬಿತ್ತೋದೇ ಮುಗ್ದಿರಾಕಿಲ್ಲ, ಹಬ್ಬ ಯಾವತ್ತು ಅಂತ ಹೆಂಗೇಳದು ಮೇಡಮ್ಮ? ಮಳೆ ಆಗ್ಬೇಕು, ರಾಗಿ ಬರ್ಬೇಕು, ಆನೆ ಬುಡ್ಬೇಕು, ಆಮ್ಯಾಕೆ ದ್ಯಾವ್ರು ಒಪ್ಬೇಕು.’ ಖಾಲಿ ಬಿಟ್ಟರೆ ಅರ್ಜಿ ವಾಪಸು ಬರುತ್ತದೆ ಎಂದು ಗುಮಾಸ್ತರು ಅಂದಾಜಿನಲ್ಲಿ ಒಂದು ತಾರೀಕು ಹಾಕಿದರು. ಆ ವರ್ಷ ಮಳೆ ತಡವಾಗಿ, ಹಬ್ಬ ಬಿದ್ದದ್ದು ಆ ತಾರೀಕಿನ ಮೂರು ವಾರದ ನಂತರ. ರಜೆಯ ದಿನ ಮಕ್ಕಳು ಹಾಸ್ಟೆಲಿನ ಅಂಗಳದಲ್ಲಿ ಗೋಲಿ ಆಡಿದವು. ಹಬ್ಬದ ದಿನ ಬೆಳಿಗ್ಗೆ ಎಣಿಕೆ ಮಾಡಿದರೆ ಹನ್ನೊಂದು ತಲೆ ಕಡಿಮೆ. ಜೀಪು ತೆಗೆಯೋಣವೇ ಎಂದು ಮೇಲ್ವಿಚಾರಕರು ನನ್ನ ಮುಖ ನೋಡಿದರು. ನಾಳೆ ತೆಗೆದರಾಯಿತು ಎಂದೆ.